ಹುಡುಗಿಯರಿಗೆ ಡ್ರಾಯಿಂಗ್ ತಲೆಗೆ ಹತ್ತಲ್ಲ ಅನ್ನುವ ಮಾತು, ಮತ್ತು ದಿನಕ್ಕೆ 20 ನಿಮಿಷ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷದ ಡ್ರಾಯಿಂಗ್ ಕ್ಲಾಸು ಲೈನ್ಸ್ (ಗೆರೆಗಳು) ಮುಗಿಸಿ ಸಾಲಿಡ್ಸ್ (ಘನಾಕೃತಿಗಳು) ಹತ್ತಿರ ಬರುವ ಹೊತ್ತಿಗೆ ಹಾಸ್ಟೆಲಿನಲ್ಲೂ ಮನೆಯಲ್ಲೂ ಒಂದು ಮಾತು ಕೇಳಿಬರುತ್ತದೆ: "ಡ್ರಾಯಿಂಗ್ ಹುಡುಗೀರ ತಲೆಗೆ ಹತ್ತಲ್ಲ." ಪಿಯುಸಿ ಮುಗಿಸಿದ ಮಗಳಿಗೆ ಸಿವಿಲ್ ಬೇಡ, ಮೆಕ್ಯಾನಿಕಲ್ ಬೇಡ, ಆರ್ಕಿಟೆಕ್ಚರ್ ಅಂತೂ ಬೇಡವೇ ಬೇಡ ಅನ್ನುವಾಗಲೂ ಇದೇ ಮಾತು ಮುಂದೆ ಬರುತ್ತದೆ. ಇದರಲ್ಲಿ ಒಂದು ಪಾಲು ನಿಜವಿದೆ, ಮೂರು ಪಾಲು ತಪ್ಪಿದೆ. ಆ ನಿಜದ ಪಾಲು ಎಷ್ಟು ದೊಡ್ಡದು ಅಂತ ಅಳೆದು ನೋಡಿದರೆ, ಉಳಿದದ್ದಕ್ಕೆ ಏನು ಮಾಡಬೇಕು ಅನ್ನುವುದೂ ಹೊಳೆಯುತ್ತದೆ.

ಮೊದಲು ಅಳತೆಯ ವಿಷಯ. 1971ರಲ್ಲಿ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ ಒಂದು ಪ್ರಯೋಗ ಪ್ರಕಟಿಸಿದರು. ಸಣ್ಣ ಘನಗಳನ್ನು ಜೋಡಿಸಿ, ಅಲ್ಲಲ್ಲಿ ಬಾಗಿಸಿದ ಆಕೃತಿಯ ಎರಡು ಚಿತ್ರ ತೋರಿಸಿ, ಎರಡೂ ಒಂದೇ ವಸ್ತುವೋ ಅಥವಾ ಒಂದು ಇನ್ನೊಂದರ ಕನ್ನಡಿ ಬಿಂಬವೋ ಎಂದು ಕೇಳುವುದು. ಎರಡು ಚಿತ್ರಗಳ ನಡುವಿನ ಕೋನ ಹೆಚ್ಚಿದಷ್ಟೂ ಉತ್ತರಕ್ಕೆ ಹಿಡಿಯುವ ಸಮಯ ನೇರ ಗೆರೆಯಲ್ಲಿ ಏರುತ್ತಿತ್ತು, ಹೆಚ್ಚುಕಡಿಮೆ ಸೆಕೆಂಡಿಗೆ 60 ಡಿಗ್ರಿಯ ಲೆಕ್ಕದಲ್ಲಿ. ಅಂದರೆ ಮನುಷ್ಯ ವಸ್ತುವನ್ನು ಮನಸ್ಸಿನಲ್ಲೇ ಹಿಡಿದು ನಿಧಾನವಾಗಿ ತಿರುಗಿಸಿ ನೋಡುತ್ತಾನೆ. ಇದನ್ನೇ 1978ರಲ್ಲಿ ವ್ಯಾಂಡನ್‌ಬರ್ಗ್ ಮತ್ತು ಕ್ಯೂಸ್ ಪೇಪರ್ ಮೇಲಿನ ಪರೀಕ್ಷೆಯಾಗಿ ಮಾಡಿದರು. ಎಡಗಡೆ ಒಂದು ಆಕೃತಿ, ಬಲಗಡೆ ನಾಲ್ಕು. ನಾಲ್ಕರಲ್ಲಿ ಎರಡು ಮಾತ್ರ ಅದೇ ಆಕೃತಿ. 10 ಪ್ರಶ್ನೆಗೆ 3 ನಿಮಿಷ, ಅಂದರೆ ಒಂದಕ್ಕೆ 18 ಸೆಕೆಂಡು.

ಗಂಡು ಹೆಣ್ಣಿನ ನಡುವೆ ಸ್ಪಷ್ಟ ಅಂತರ ಕಾಣುವುದು ಮುಖ್ಯವಾಗಿ ಈ ಪರೀಕ್ಷೆಯಲ್ಲಿ. 1985ರಲ್ಲಿ ಲಿನ್ ಮತ್ತು ಪೀಟರ್ಸನ್ ಅಲ್ಲಿವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮನಸ್ಸಿನಲ್ಲಿ ತಿರುಗಿಸುವ ಕೆಲಸದಲ್ಲಿ ಅಂತರ ದೊಡ್ಡದಿತ್ತು. ಹಾಳೆ ಮಡಚಿ ತೂತು ಹೊಡೆದು ಬಿಚ್ಚಿದರೆ ತೂತು ಎಲ್ಲೆಲ್ಲಿ ಬೀಳುತ್ತದೆ ಎಂಬಂಥ, ಹಲವು ಹಂತ ಯೋಚಿಸುವ ಕೆಲಸಗಳಲ್ಲಿ ಅಂತರ ಇಲ್ಲವೆನ್ನುವಷ್ಟು ಸಣ್ಣದು. ಯಾವ ಸಾಮಾನು ಎಲ್ಲಿತ್ತು ಎಂದು ನೆನಪಿಡುವ ಪರೀಕ್ಷೆಗಳಲ್ಲಿ ಹೆಣ್ಣುಮಕ್ಕಳದೇ ಸ್ವಲ್ಪ ಮೇಲುಗೈ. ಹಾಗಾಗಿ "ಸ್ಥಳಜ್ಞಾನ" ಅಂತ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಹೆಣ್ಣಿಗೆ ಕಡಿಮೆ ಅನ್ನುವುದು ಸರಿಯಲ್ಲ.

ಆ ದೊಡ್ಡ ಅಂತರ ಅಂದರೆ ಎಷ್ಟು? ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಸುಮಾರು 0.6 ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) ಎಂದಿಟ್ಟುಕೊಳ್ಳಿ, ಕೆಲವು ಅಧ್ಯಯನಗಳಲ್ಲಿ ಇನ್ನೂ ಹೆಚ್ಚು. 0.6 ಆದರೆ, ನೂರು ಹುಡುಗಿಯರಲ್ಲಿ ಸುಮಾರು 27 ಮಂದಿ ಹುಡುಗರ ಸರಾಸರಿಗಿಂತ ಮೇಲಿರುತ್ತಾರೆ. 60 ಜನರ ಕ್ಲಾಸಿನಲ್ಲಿ ಹೆಸರು ನೋಡಿ ಯಾರಿಗೆ ಬರುತ್ತದೆ ಯಾರಿಗೆ ಬರುವುದಿಲ್ಲ ಎಂದು ಹೇಳಹೊರಟರೆ ಮೇಷ್ಟ್ರು ಹೆಜ್ಜೆಹೆಜ್ಜೆಗೂ ತಪ್ಪುತ್ತಾರೆ.

ಈ ಅಂತರ ಹುಟ್ಟಿನಿಂದಲೋ ಬೆಳೆಸಿದ ರೀತಿಯಿಂದಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. 2008ರಲ್ಲಿ ಎರಡು ಬೇರೆ ಬೇರೆ ತಂಡಗಳು ಮೂರರಿಂದ ಐದು ತಿಂಗಳ ಕೂಸುಗಳಲ್ಲೇ ವ್ಯತ್ಯಾಸ ಕಂಡದ್ದನ್ನು ವರದಿ ಮಾಡಿದವು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ 2011ರಲ್ಲಿ ನಮ್ಮ ದೇಶದ ಈಶಾನ್ಯ ಭಾಗದಲ್ಲೇ ನಡೆದ ಅಧ್ಯಯನವನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು. ಮೋಶೆ ಹಾಫ್‌ಮನ್, ಊರಿ ಗ್ನೀಜಿ ಮತ್ತು ಜಾನ್ ಲಿಸ್ಟ್ ಅವರು ಖಾಸಿ ಮತ್ತು ಕರ್ಬಿ ಹಳ್ಳಿಗಳ ಸುಮಾರು 1,300 ಜನರಿಗೆ ನಾಲ್ಕು ತುಂಡಿನ ಒಂದು ಪಜಲ್ ಜೋಡಿಸಲು ಕೊಟ್ಟರು. ಆಸ್ತಿ ಗಂಡುಮಕ್ಕಳಿಗೆ ಹೋಗುವ ಕರ್ಬಿಗಳಲ್ಲಿ ಗಂಡಸರು ಶೇ. 36ರಷ್ಟು ಕಡಿಮೆ ಸಮಯದಲ್ಲಿ ಮುಗಿಸಿದರು. ಆಸ್ತಿ ಕಿರಿಮಗಳಿಗೆ ಹೋಗುವ, ಹೆಣ್ಣುಮಕ್ಕಳೂ ಗಂಡುಮಕ್ಕಳಷ್ಟೇ ಓದುವ ಖಾಸಿಗಳಲ್ಲಿ ಅಂತರವೇ ಕಾಣಲಿಲ್ಲ. ಪಜಲ್ ಜೋಡಿಸುವುದು ಮತ್ತು ಮನಸ್ಸಿನಲ್ಲಿ ತಿರುಗಿಸುವುದು ಎರಡೂ ಒಂದೇ ಅಲ್ಲ, ಎರಡು ಬುಡಕಟ್ಟುಗಳ ನಡುವೆ ಬೇರೆ ವ್ಯತ್ಯಾಸಗಳೂ ಇರುತ್ತವೆ. ಅಷ್ಟನ್ನು ಬಿಟ್ಟುಕೊಟ್ಟರೂ ಈ ಫಲಿತಾಂಶಕ್ಕೆ ತೂಕವಿದೆ.

ಗಡಿಯಾರದ ಪಾತ್ರವೂ ಇದೆ. ಸಮಯದ ಮಿತಿ ಸಡಿಲಿಸಿದರೆ ಅಂತರ ಇಳಿಯುತ್ತದೆ, ಬಿಗಿ ಮಾಡಿದರೆ ಏರುತ್ತದೆ ಎಂದು ಡೇನಿಯಲ್ ವೋಯರ್ 2011ರಲ್ಲಿ ತೋರಿಸಿದರು. ಒಂದೊಂದನ್ನೂ ಎರಡು ಸಲ ಪರೀಕ್ಷಿಸಿಯೇ ಮುಂದೆ ಹೋಗುವವರಿಗೆ 18 ಸೆಕೆಂಡು ಸಾಲದು.

ಇನ್ನು ಅಭ್ಯಾಸ. 2007ರಲ್ಲಿ ಟೊರಾಂಟೊದ ಫೆಂಗ್, ಸ್ಪೆನ್ಸ್ ಮತ್ತು ಪ್ರ್ಯಾಟ್ ಒಂದು ಗುಂಪಿಗೆ 10 ಗಂಟೆ ಆ್ಯಕ್ಷನ್ ವಿಡಿಯೊ ಗೇಮ್ ಆಡಿಸಿದರು. ಗಂಡು ಹೆಣ್ಣು ಇಬ್ಬರೂ ಸುಧಾರಿಸಿದರು, ಹೆಣ್ಣುಮಕ್ಕಳು ಹೆಚ್ಚು. ತಿಂಗಳುಗಳ ನಂತರವೂ ಆ ಗಳಿಕೆ ಉಳಿದಿತ್ತು. 2013ರಲ್ಲಿ ಡೇವಿಡ್ ಉಟಾಲ್ ತಂಡ 217 ಅಧ್ಯಯನಗಳನ್ನು ಒಟ್ಟುಗೂಡಿಸಿತು. ತರಬೇತಿಯಿಂದ ಸರಾಸರಿ ಲಾಭ 0.47 ಸ್ಟ್ಯಾಂಡರ್ಡ್ ಡೀವಿಯೇಶನ್. ಕಲಿತದ್ದು ಉಳಿಯುತ್ತದೆ, ಕಲಿಸದ ಬೇರೆ ಕೆಲಸಕ್ಕೂ ದಾಟುತ್ತದೆ. ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಹಾರಿಸಿಬಿಡುವವರೇ ಹೆಚ್ಚು. ಗಂಡು ಹೆಣ್ಣು ಇಬ್ಬರಿಗೂ ತರಬೇತಿಯಿಂದ ಸರಿಸುಮಾರು ಸಮನಾದ ಲಾಭ. ಇಬ್ಬರೂ ಸಮ ಅಭ್ಯಾಸ ಮಾಡಿದರೆ ಅಂತರ ಹಾಗೇ ಉಳಿಯಬಹುದು.

ಹಾಗಾದರೆ ಅಭ್ಯಾಸದಿಂದ ಪ್ರಯೋಜನವೇನು ಎಂದು ಕೇಳುವವರು ಇದನ್ನು ಓಟದ ಪಂದ್ಯ ಎಂದುಕೊಂಡಿದ್ದಾರೆ. ಡ್ರಾಯಿಂಗ್ ಪಾಸಾಗಲು, ಮೆಷಿನ್ ಪಾರ್ಟ್ ಓದಲು, ಕಟ್ಟಡದ ಪ್ಲಾನ್ ಅರ್ಥ ಮಾಡಿಕೊಳ್ಳಲು ಒಂದು ಮಟ್ಟ ಬೇಕು. ಆ ಮಟ್ಟ ದಾಟಿದ ಮೇಲೆ ಪಕ್ಕದವನು ಇನ್ನೂ ಮೇಲಿದ್ದಾನೋ ಇಲ್ಲವೋ ಎಂಬುದರಿಂದ ಕೆಲಸಕ್ಕೆ ಏನೂ ಆಗುವುದಿಲ್ಲ. ಅಮೆರಿಕದ ಮಿಶಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಸೋರ್ಬಿ 1993ರಿಂದ ಮಾಡಿದ್ದು ಇದನ್ನೇ. ಎಂಜಿನಿಯರಿಂಗ್ ಸೇರಿದವರಿಗೆಲ್ಲ 30 ಪ್ರಶ್ನೆಯ ತಿರುಗಿಸುವ ಪರೀಕ್ಷೆ ಕೊಟ್ಟು, 18 ಅಥವಾ ಕಡಿಮೆ ಬಂದವರಿಗೆ ಪ್ರತ್ಯೇಕ ಕೋರ್ಸು ಮಾಡಿದರು. ಕಡಿಮೆ ಬಂದವರ ಗುಂಪಿನಲ್ಲಿ ಹುಡುಗಿಯರ ಪಾಲು ಒಟ್ಟು ಕ್ಲಾಸಿನಲ್ಲಿ ಅವರಿಗಿದ್ದ ಪಾಲಿಗಿಂತ ಎರಡು ಪಟ್ಟಿಗೂ ಹೆಚ್ಚು. ಕೋರ್ಸಿನ ನಂತರ ಅವರ ಅಂಕ ಎದ್ದು ಕಾಣುವಷ್ಟು ಏರಿತು, ಎಂಜಿನಿಯರಿಂಗ್ ಬಿಟ್ಟು ಹೋಗುವ ಹುಡುಗಿಯರ ಸಂಖ್ಯೆ ಇಳಿಯಿತು. ಆ ಕೋರ್ಸಿನ ಜೀವಾಳ ಎರಡು: ಕೈಯಲ್ಲಿ ಹಿಡಿಯುವ ಘನಗಳು, ಮತ್ತು ಪೆನ್ಸಿಲಿನಿಂದ ಬರೆಯುವ ಸ್ಕೆಚ್. ನಮ್ಮ ಕಾಲೇಜುಗಳಲ್ಲೂ ಸೇರಿದ ಮೊದಲ ವಾರವೇ ಇಂಥ ಪರೀಕ್ಷೆ ನಡೆಯಬೇಕು, ಹುಡುಗ ಹುಡುಗಿ ಅನ್ನದೆ ಕಡಿಮೆ ಬಂದವರನ್ನೆಲ್ಲ ಕೂರಿಸಿ ಕಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಡಿಮೆ ಬರುವ ಹುಡುಗರೂ ಬೇಕಾದಷ್ಟಿರುತ್ತಾರೆ, ಅವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾಲೇಜು ಇದನ್ನು ಶುರು ಮಾಡುವವರೆಗೆ ಕಾಯಬೇಕಿಲ್ಲ. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ, ಎಂಟು ವಾರ. ಒಟ್ಟು 13 ಗಂಟೆ ಚಿಲ್ಲರೆ. ಒಂದೇ ದಿನ ಮೂರು ಗಂಟೆ ಕೂತರೆ ಅರ್ಧ ಗಂಟೆಯ ಮೇಲೆ ಬರೀ ಊಹೆ ಹೊಡೆಯುವುದಾಗುತ್ತದೆ, ಬೇಡ.

ಬೇಕಾದ ಸಾಮಾನು: ಒಂದೇ ಅಳತೆಯ 10 ಘನಗಳು. ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಘನ ಸಿಕ್ಕರೆ ಸರಿ, ಇಲ್ಲದಿದ್ದರೆ ಬಡಗಿಯ ಹತ್ತಿರ ಒಂದಿಂಚು ರೀಪರಿನ ತುಂಡನ್ನು ಒಂದಿಂಚಿಗೊಂದರಂತೆ ಕೊಯ್ಯಿಸಿ ಫೆವಿಕಾಲ್ ಹಾಕಿ ಅಂಟಿಸಿಕೊಳ್ಳಿ. ರೀಪರ್ ಒಂದಿಂಚು ಎಂದರೂ ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ಇರುತ್ತದೆ. ಅದರ ನಿಜವಾದ ಅಗಲ ಅಳೆದು ಅಷ್ಟಕ್ಕೇ ಕೊಯ್ಯಿಸದಿದ್ದರೆ ಘನವಾಗುವುದಿಲ್ಲ. ಜೊತೆಗೆ ಪೆನ್ಸಿಲ್, ರಬ್ಬರ್, ಸ್ಕೇಲು, ಎರಡು ರಟ್ಟು.

ಚುಕ್ಕಿ ಹಾಳೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಸಂದುಚುಕ್ಕಿ ರಂಗೋಲಿ ಗೊತ್ತಿದ್ದವರಿಗೆ ಇದು ಹೊಸದಲ್ಲ. 15 ಚುಕ್ಕಿಯಿಂದ 8ರವರೆಗೆ, ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಒಂದು ಚುಕ್ಕಿ. ಐಸೋಮೆಟ್ರಿಕ್ ಹಾಳೆಯ (ಘನದ ಮೂರು ಮುಖ ಒಟ್ಟಿಗೆ ಕಾಣುವಂತೆ ಬರೆಯುವ ಹಾಳೆ) ಜೋಡಣೆಯೂ ಇದೇ. ಅಳತೆ ಮಾತ್ರ ಕರಾರುವಾಕ್ಕಾಗಿರಬೇಕು. ಚುಕ್ಕಿಯಿಂದ ಚುಕ್ಕಿಗೆ 10 ಮಿ.ಮೀ. ಇದ್ದರೆ ಸಾಲಿನಿಂದ ಸಾಲಿಗೆ 8.7 ಮಿ.ಮೀ. ಸಾಲಿಗೂ 10 ಇಟ್ಟರೆ ಘನ ಒಂದು ಕಡೆಗೆ ಹಿಗ್ಗಿ ಕಾಣುತ್ತದೆ. ಚುಕ್ಕಿ ಇಟ್ಟಾದ ಮೇಲೆ ಹಾಳೆಯನ್ನು ಕಾಲು ಸುತ್ತು ತಿರುಗಿಸಿ, ಸಾಲುಗಳು ನೆಟ್ಟಗೆ ಮೇಲಿಂದ ಕೆಳಕ್ಕೆ ಬರಬೇಕು. ಆಗ ಘನದ ನಿಂತ ಅಂಚುಗಳು ಸಾಲಿನ ಮೇಲೇ ಬೀಳುತ್ತವೆ, ಉಳಿದ ಅಂಚುಗಳು ಎಡಕ್ಕೂ ಬಲಕ್ಕೂ 30 ಡಿಗ್ರಿಯಲ್ಲಿ ಹೋಗುತ್ತವೆ. ತಿರುಗಿಸದೆ ಬರೆದರೆ ನಿಂತ ಗೆರೆ ಹಾಕಲು ಪಕ್ಕದ ಸಾಲಿನಲ್ಲಿ ಚುಕ್ಕಿಯೇ ಸಿಗುವುದಿಲ್ಲ, ಘನ ಮಗ್ಗುಲಿಗೆ ಬಿದ್ದಂತೆ ಕಾಣುತ್ತದೆ. ಮೊದಲ ದಿನ "ನನಗೆ ಬರಲ್ಲ" ಎಂದು ಎದ್ದು ಹೋಗುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ.

ಮೊದಲ ಎರಡು ವಾರ: ನಾಲ್ಕು ಘನದಿಂದ ಶುರು ಮಾಡಿ ಒಂದು ಆಕೃತಿ ಜೋಡಿಸಿ, ಚುಕ್ಕಿ ಹಾಳೆಯಲ್ಲಿ ಬರೆಯಿರಿ. ಆಮೇಲೆ ಆಕೃತಿಯನ್ನು ಮುಟ್ಟದೆ, ಅದನ್ನು ನಿಂತ ಅಕ್ಷದ ಸುತ್ತ ಕಾಲು ಸುತ್ತು ತಿರುಗಿಸಿದರೆ ಹೇಗೆ ಕಾಣುತ್ತದೆ ಎಂದು ಮನಸ್ಸಿನಲ್ಲೇ ಯೋಚಿಸಿ ಬರೆಯಿರಿ. ಬರೆದು ಮುಗಿದ ಮೇಲೆ ಮಾತ್ರ ಕೈಯಿಂದ ತಿರುಗಿಸಿ ಹೋಲಿಸಿ. ಈ ಕ್ರಮ ತಪ್ಪಬಾರದು. ಮೊದಲೇ ತಿರುಗಿಸಿ ನೋಡಿ ಬರೆದರೆ ಅದು ನಕಲು, ತಲೆಗೆ ಕೆಲಸವಿಲ್ಲ. ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಮಾಡೆಲನ್ನು ಗರಗರ ತಿರುಗಿಸುತ್ತಾ ಕೂರುವವರಿಗೂ ಇದೇ ತೊಂದರೆ. ಸಾಫ್ಟ್‌ವೇರ್ ತಿರುಗಿಸಿಕೊಡುತ್ತದೆ, ನೋಡುವವರು ಸುಮ್ಮನೆ ನೋಡುತ್ತಾರೆ, ಪರೀಕ್ಷೆಯ ಹಾಳೆಯ ಮುಂದೆ ಏನೂ ತಿರುಗುವುದಿಲ್ಲ. ಒಂದು ಅಕ್ಷ ಸಲೀಸಾದ ಮೇಲೆ ಎರಡು ಅಕ್ಷ. ಮೊದಲು ಬಲಕ್ಕೆ ತಿರುಗಿಸಿ ಆಮೇಲೆ ಮುಂದಕ್ಕೆ ಉರುಳಿಸುವುದು, ಅದನ್ನೇ ಹಿಂದುಮುಂದು ಮಾಡುವುದು. ಎರಡೂ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದನ್ನು ಕೈಯಿಂದಲೇ ಕಂಡುಕೊಳ್ಳಬೇಕು.

ಹೆಚ್ಚು ಜನ ಎಡವುವುದು ಕನ್ನಡಿ ಬಿಂಬದಲ್ಲಿ. ಬ್ಲೌಸ್ ಹೊಲಿಯುವವರನ್ನು ಕೇಳಿ ನೋಡಿ. ತೋಳಿನ ಮುಂಭಾಗದ ಬಾಗು ಹಿಂಭಾಗಕ್ಕಿಂತ ಆಳ. ಬಟ್ಟೆಯನ್ನು ಮಡಚದೆ ಒಂದೇ ಪದರದಲ್ಲಿ ಹರಡಿ, ಪೇಪರ್ ಕಟಿಂಗನ್ನು ಮಗುಚದೆ ಎರಡು ಸಲ ಇಟ್ಟು ಕತ್ತರಿಸಿದರೆ ಎರಡೂ ಒಂದೇ ಕೈಯ ತೋಳಾಗುತ್ತವೆ. ಮೇಜಿನ ಮೇಲೆ ಎಷ್ಟು ತಿರುಗಿಸಿದರೂ ಎಡತೋಳು ಬಲತೋಳಾಗದು, ಮಗುಚಿದರೆ ಬಟ್ಟೆಯ ಒಳಮೈ ಹೊರಗೆ ಬರುತ್ತದೆ. ಪರೀಕ್ಷೆ ಕೇಳುವುದೂ ಇದನ್ನೇ: ತಿರುಗಿಸಿದರೆ ಕೂರುತ್ತದೋ, ಇಲ್ಲವೇ ಎಡಬಲವೇ ಅದಲುಬದಲಾಗಿದೆಯೋ. ಪಟ್ಟಾಗಿ ಕಂಡುಹಿಡಿಯಲು ಒಂದು ದಾರಿ ಇದೆ. ಆಕೃತಿಯ ಒಂದು ತುದಿಯಿಂದ ನಡೆಯುತ್ತಾ ಹೋಗಿ, "ಮೂರು ಮುಂದೆ, ಎರಡು ಮೇಲೆ, ಎರಡು ಬಲಕ್ಕೆ" ಎಂದು ಬಾಯಲ್ಲಿ ಹೇಳಿ. ಇನ್ನೊಂದು ಚಿತ್ರದಲ್ಲಿ ಅದೇ ತುದಿಯನ್ನು ಹಿಡಿದು, ಮೊದಲ ಎರಡು ನಡೆಗಳನ್ನು ಮುಂದೆ ಮತ್ತು ಮೇಲೆ ಎಂದೇ ಇಟ್ಟುಕೊಂಡು ಹೊರಟಾಗ ಕೊನೆಯ ನಡೆ ಎಡಕ್ಕೆ ಬಂದರೆ ಅದು ಬಿಂಬ. ತುದಿ ತಪ್ಪಾಗಿ ಗುರುತಿಸಿದರೆ ಉತ್ತರವೂ ತಪ್ಪು. ಆದ್ದರಿಂದ ಎರಡು ತುದಿಗಳ ಉದ್ದ ಬೇರೆ ಬೇರೆ ಇರುವ ಆಕೃತಿಗಳಿಂದ ಶುರು ಮಾಡಿ.

ಮೂರು ಮತ್ತು ನಾಲ್ಕನೇ ವಾರ ರಟ್ಟು ತೆಗೆಯಿರಿ. ಎರಡು ರಟ್ಟನ್ನೂ ಅರ್ಧದವರೆಗೆ ಸೀಳಿ ಒಂದರೊಳಗೊಂದು ತೂರಿಸಿದರೆ ನಾಲ್ಕು ಕ್ವಾಡ್ರಂಟ್ (ಮೂಲೆಗಳು) ಸಿದ್ಧ, ಮಲಗಿದ್ದು ಹಾರಿಜಾಂಟಲ್ ಪ್ಲೇನ್ ಅಥವಾ ಎಚ್‌ಪಿ, ನಿಂತದ್ದು ವರ್ಟಿಕಲ್ ಪ್ಲೇನ್ ಅಥವಾ ವಿಪಿ. ನಮ್ಮಲ್ಲಿ ಬಳಸುವ ಫಸ್ಟ್ ಆಂಗಲ್‌ನಲ್ಲಿ ವಸ್ತು ನೋಡುವವರಿಗೂ ರಟ್ಟಿಗೂ ನಡುವೆ ಇರುತ್ತದೆ. ಮುಂದಿನಿಂದ ಟಾರ್ಚ್ ಬಿಟ್ಟರೆ ನೆರಳು ಹಿಂದಿನ ರಟ್ಟಿನ ಮೇಲೆ, ಮೇಲಿನಿಂದ ಬಿಟ್ಟರೆ ಕೆಳಗೆ. ಹಾಗಾಗಿಯೇ ಫ್ರಂಟ್ ವ್ಯೂ, ಎರಡು ರಟ್ಟು ಸೇರುವ ಎಕ್ಸ್‌ವೈ ಗೆರೆಯ ಮೇಲೆ, ಟಾಪ್ ವ್ಯೂ ಕೆಳಗೆ, ಎಡಗಡೆಯಿಂದ ನೋಡಿದ ಸೈಡ್ ವ್ಯೂ ಬಲಗಡೆಗೆ. ಈ ಕೊನೆಯದನ್ನು ಎಡಗಡೆಗೇ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ನೆರಳು ಆಚೆ ಕಡೆ ಬೀಳುತ್ತದೆ ಎಂಬುದನ್ನು ಒಮ್ಮೆ ಟಾರ್ಚಿನಲ್ಲಿ ಕಂಡವರು ಬಾಯಿಪಾಠ ಮಾಡಬೇಕಿಲ್ಲ.

ಎರಡೂ ರಟ್ಟಿಗೆ ಓರೆಯಾಗಿರುವ ಗೆರೆ ಅಂದರೆ ಹೆದರುವವರಿಗೆ: 10 ಸೆಂ.ಮೀ.ನ ಒಂದು ಪೊರಕೆ ಕಡ್ಡಿ ತೆಗೆದುಕೊಂಡು, ಒಂದು ತುದಿ ಮಲಗಿದ ರಟ್ಟಿನ ಮೇಲಿಟ್ಟು, ನೆಲಕ್ಕೆ 30 ಡಿಗ್ರಿ ಎತ್ತಿ ಹಿಡಿಯಿರಿ. ಮೇಲಿನ ತುದಿಯ ಎತ್ತರ 5 ಸೆಂ.ಮೀ., ಟಾಪ್ ವ್ಯೂ ಉದ್ದ 8.7 ಸೆಂ.ಮೀ. ಈಗ 30 ಡಿಗ್ರಿ ಬಿಡದೆ ಕಡ್ಡಿಯನ್ನು ಗಡಿಯಾರದ ಮುಳ್ಳಿನ ಹಾಗೆ ಸುತ್ತ ತಿರುಗಿಸಿ. ಎತ್ತರ 5 ಆಗಿಯೇ ಉಳಿಯುತ್ತದೆ, ಟಾಪ್ ವ್ಯೂ 8.7 ಆಗಿಯೇ ಉಳಿಯುತ್ತದೆ. ಬದಲಾಗುವುದು ನಿಂತ ರಟ್ಟಿನ ಮೇಲಿನ ನೆರಳು ಮಾತ್ರ. ಕಡ್ಡಿ ರಟ್ಟಿಗೆ ಸಮಾಂತರ ಇದ್ದಾಗ ನೆರಳು 10 ಸೆಂ.ಮೀ., 30 ಡಿಗ್ರಿ. ಟಾಪ್ ವ್ಯೂ ಎಕ್ಸ್‌ವೈಗೆ ಲಂಬವಾದಾಗ ನೆರಳು ಬರೀ 5 ಸೆಂ.ಮೀ.ನ ನಿಂತ ಗೆರೆ. ನಡುವೆ ಎಲ್ಲಿ ನಿಲ್ಲಿಸಿದರೂ ನೆರಳಿನ ಕೋನ 30ಕ್ಕಿಂತ ಹೆಚ್ಚೇ. ಲೆಕ್ಕದಲ್ಲಿ ಕೊಟ್ಟ ಕೋನ ನಿಜವಾದದ್ದೋ ವ್ಯೂನಲ್ಲಿ ಕಾಣುವುದೋ ಎಂದು ಓದದೆ ಬರೆಯಲು ಹೊರಟವರು ಇಲ್ಲೇ ಸಿಕ್ಕಿಕೊಳ್ಳುವುದು.

ಐದು ಮತ್ತು ಆರನೇ ವಾರ ಕತ್ತರಿಸುವ ಕೆಲಸ. ಬಟ್ಟೆ ಸೋಪಿನ ಹೊಸ ಬಾರನ್ನು ಘನವಾಗಿ ಕತ್ತರಿಸಿಕೊಳ್ಳಿ, ಒಣಗಿದ ಹಳೆಯದು ಒಡೆದುಹೋಗುತ್ತದೆ. ಮೂಲಂಗಿ, ಆಲೂಗಡ್ಡೆಯೂ ಆಗುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಅಂಚು ಬಾಡಿ ಸೊಟ್ಟಗಾಗುತ್ತದೆ. ಕತ್ತರಿಸುವ ಮುಂಚೆ ಕೊಯ್ದ ಮುಖ ಯಾವ ಆಕಾರ ಎಂದು ಬರೆದಿಡಿ. ಒಂದು ಮೂಲೆ ಹಾರಿಸಿದರೆ ತ್ರಿಕೋನ ಎಂದು ಎಲ್ಲರೂ ಹೇಳುತ್ತಾರೆ. ಆರು ಅಂಚುಗಳ ನಟ್ಟನಡುವೆ ಹಾದುಹೋಗುವಂತೆ ಕೊಯ್ದರೆ ಸಮ ಷಡ್ಭುಜ ಬರುತ್ತದೆ, ಅದನ್ನು ಮೊದಲೇ ಕಾಣುವವರು ಕಡಿಮೆ. ಪಂಚಭುಜವನ್ನೂ ಹುಡುಕಿ. ಸೆಕ್ಷನ್ ಆಫ್ ಸಾಲಿಡ್ಸ್‌ಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಊದುಬತ್ತಿ ಡಬ್ಬಿ, ಟೂತ್‌ಪೇಸ್ಟ್ ಡಬ್ಬಿ ಬಿಚ್ಚಿ ಹರಡುವುದು ಡೆವಲಪ್‌ಮೆಂಟ್‌ಗೆ. ಘನವನ್ನು ಬಿಚ್ಚಿ ಹರಡುವ ಬಗೆಗಳು 11 ಇವೆ, ಎಲ್ಲವನ್ನೂ ನೀವೇ ಹುಡುಕಿ. ನೇರ ಸಾಲಿನಲ್ಲಿ ಒಂದು ಬಿಟ್ಟು ಒಂದು ಇರುವ ಚೌಕಗಳು ಎದುರುಬದುರು ಮುಖಗಳು. ಎನ್‌ಎಂಎಂಎಸ್, ರೈಲ್ವೆ ಪರೀಕ್ಷೆಗಳ ದಾಳದ ಪ್ರಶ್ನೆ ಅರ್ಧ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಗಡಿಯಾರ ಇಟ್ಟು ಅಭ್ಯಾಸ ಮಾಡುವುದು ಏಳು ಮತ್ತು ಎಂಟನೇ ವಾರಕ್ಕೆ, ಅದಕ್ಕಿಂತ ಮುಂಚೆ ಬೇಡ. ಸಮಯ ಮತ್ತು ತಪ್ಪು ಎರಡನ್ನೂ ಬೇರೆ ಬೇರೆ ಬರೆದಿಡಿ. ನಿಧಾನ ಆದರೆ ಎಲ್ಲ ಸರಿ ಎನ್ನುವವರು ಎರಡನೇ ಸಲ ಪರೀಕ್ಷಿಸುವುದನ್ನು ಬಿಡುವ ಅಭ್ಯಾಸ ಮಾಡಬೇಕು. ಬೇಗ ಮುಗಿಸಿ ಅರ್ಧ ತಪ್ಪು ಎನ್ನುವವರು ಮತ್ತೆ ಘನಕ್ಕೆ ಮರಳಬೇಕು. ಇಬ್ಬರಿಗೂ ಒಂದೇ ಬುದ್ಧಿಮಾತು ಹೇಳಿದರೆ ಒಬ್ಬರು ಕೆಡುತ್ತಾರೆ.

ಸಣ್ಣ ಮಕ್ಕಳಿಗೆ ಇಷ್ಟೆಲ್ಲ ಬೇಡ. ಎರಡರಿಂದ ನಾಲ್ಕು ವರ್ಷದೊಳಗೆ ಮನೆಯಲ್ಲಿ ಪಜಲ್ ಆಡಿದ ಮಕ್ಕಳು ನಾಲ್ಕೂವರೆ ವರ್ಷಕ್ಕೆ ಆಕಾರ ತಿರುಗಿಸಿ ಜೋಡಿಸುವ ಕೆಲಸದಲ್ಲಿ ಮುಂದಿದ್ದರು ಎಂದು ಶಿಕಾಗೊದ ಸೂಸನ್ ಲೆವಿನ್ ತಂಡ 2012ರಲ್ಲಿ ಹೇಳಿತು. ಮಗಳಿಗೂ ಬಿಲ್ಡಿಂಗ್ ಬ್ಲಾಕ್ ಕೊಡಿಸಿ. "ಅಲ್ಲಿಡು, ಇಲ್ಲಿಡು" ಅನ್ನುವ ಬದಲು "ಮೂಡಲ ಗೋಡೆಗೆ ಒರಗಿಸಿಡು, ಅಂಚಿಗೆ ಸರಿಸು, ಮಗುಚಿ ಹಾಕು" ಅನ್ನಿ.

ದಾರಿ ದಿಕ್ಕಿನ ಅಭ್ಯಾಸ ಬೇರೆಯೇ ಸಂಗತಿ, ಘನ ತಿರುಗಿಸಿದ್ದರಿಂದ ಅದು ತಾನಾಗಿ ಬರುವುದಿಲ್ಲ. ಹುಡುಗನನ್ನು ಸೈಕಲ್ ಕೊಟ್ಟು ಮಂಡಿಪೇಟೆಗೆ ಕಳಿಸಿ, ಹುಡುಗಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೋಗುವ ಮನೆಗಳಲ್ಲಿ ಈ ಅಭ್ಯಾಸ ಒಬ್ಬರಿಗೆ ಮಾತ್ರ ಸಿಗುತ್ತದೆ. ಚಿತ್ರದುರ್ಗದ ಕೋಟೆ ಇದಕ್ಕೆ ಹೇಳಿಮಾಡಿಸಿದ ಜಾಗ, ಸುತ್ತಿನಿಂದ ಸುತ್ತಿಗೆ ಹಾದಿ ತಿರುಗುತ್ತಾ ಹೋಗುವುದರಿಂದ ಬಂದ ದಿಕ್ಕು ಬೇಗ ಮರೆತುಹೋಗುತ್ತದೆ. ಮಕ್ಕಳನ್ನು ಮುಂದೆ ಬಿಟ್ಟು ಏಕನಾಥೇಶ್ವರಿ ಗುಡಿಯವರೆಗೆ ಹತ್ತಿ. ಅಲ್ಲಿ ನಿಂತು, ಒಳಬಂದ ಬಾಗಿಲು ಯಾವ ಕಡೆ, ಒನಕೆ ಕಿಂಡಿ ಯಾವ ಕಡೆ, ಅಕ್ಕ-ತಂಗಿ ಹೊಂಡ ಯಾವ ಕಡೆ ಎಂದು ಕೈ ಚಾಚಿ ತೋರಿಸಲು ಹೇಳಿ. ಫೋನಿನ ಮ್ಯಾಪು ಮತ್ತು ಕಂಪಾಸ್ ಇಟ್ಟು ಎಷ್ಟು ಡಿಗ್ರಿ ತಪ್ಪಿತು ನೋಡಿ. 30 ಡಿಗ್ರಿಯೊಳಗೆ ಬಂದರೆ ಚೆನ್ನಾಗಿದೆ. 90ರ ಹತ್ತಿರ ತಪ್ಪಿದ್ದರೆ ಹಾದಿಯಲ್ಲಿ ಒಂದು ತಿರುವು ಲೆಕ್ಕಕ್ಕೆ ಸಿಕ್ಕಿಲ್ಲ ಎಂದರ್ಥ. ಇಳಿಯುವಾಗ ಪ್ರತಿ ಬಾಗಿಲಲ್ಲೂ ಒಂದು ಕ್ಷಣ ನಿಂತು, ಹಿಂದಿರುಗಿ ನೋಡಿ, ಗುಡಿ ಈಗ ಯಾವ ಕಡೆ ಎಂದು ಮತ್ತೆ ಕೇಳಿ. ಲೆಕ್ಕ ತಪ್ಪಿದ ತಿರುವು ಯಾವುದು ಎಂದು ಅವರಿಗೇ ಗೊತ್ತಾಗುತ್ತದೆ.